ದ್ಯಾಮವ್ವ ಬರುವ ಹಾಡು

ಮೊರಬದ ಅನ್ನವ್ವನ ಮೈಮೇಲೆ ಶುಕ್ರವಾರಕ್ಕೊಮ್ಮೆ ದ್ಯಾಮವ್ವ ಬರುತ್ತಾಳೆ. ಬರುತ್ತಾಳೆ ಖರೆ, ಆದರೆ ಸಿನಿಮಾ ಹಾಡು ಹಚ್ಚದೆ ಬರುವುದಿಲ್ಲ.

ಅವಳ ಅತ್ತೆಯ ಕಾಲದಲ್ಲಿ ಈ ದೇವಿ ಬಹಳ ಸಂಭಾವಿತಳು. ಆಕಳಿಸುತ್ತ ಬಂದು, ಮಳೆಬೆಳೆಯ ಒಂದೆರಡು ಮಾತಾಡಿ, ನೀರು ಕುಡಿದು ಹೋಗುತ್ತಿದ್ದಳು. ಅತ್ತೆ ತೀರಿಕೊಂಡು ಪಾಳಿ ಸೊಸೆಗೆ ಬಂದಾಗ ಅನ್ನವ್ವನಿಗೆ ಗೊತ್ತಿದ್ದದ್ದು ನವಲಗುಂದದ ಟಾಕೀಸಿನಲ್ಲಿ ನೋಡಿದ ದೇವಿ ಮಾತ್ರ: ಕಣ್ಣು ಕೆಂಪು, ನಾಲಿಗೆ ಹೊರಗೆ, ಕೂದಲು ಗಾಳಿಗೆ. ಹಿಂದೆ ಡೊಳ್ಳು, ತಮಟೆ, ಹೆಂಗಸರ ಕೋರಸ್. ಹಾಡು ಮುಗಿಯುವುದಕ್ಕೂ ಮಹಿಷಾಸುರ ಸಾಯುವುದಕ್ಕೂ ಸರಿಯಾಗಿ ತಾಳೆಯಾಗಬೇಕು. ಊರಿಗೂ ಇದೇ ಹಿಡಿಸಿತು. ಆಕಳಿಸುವ ದೇವಿಯನ್ನು ಯಾರು ನೋಡುತ್ತಾರೆ?

ಹಾಡು ಹಚ್ಚುವವನು ಸ್ಪೀಕರ್ ಸೆಟ್ಟಿನ ಗುಲಾಮಹುಸೇನ. ಕೋರಸ್ ಏರುವಾಗ ಅವನು ಸದ್ದು ಏರಿಸಿದನೆಂದರೆ ದ್ಯಾಮವ್ವ ಹಾಜರ್. ಇದರಲ್ಲಿ ದೇವಿಯದೆಷ್ಟು, ಸ್ಪೀಕರಿನದೆಷ್ಟು ಎಂದು ಅನ್ನವ್ವನಿಗೂ ತಿಳಿಯದು. ತಿಳಿದುಕೊಳ್ಳುವ ಉಸಾಬರಿಗೂ ಅವಳು ಹೋಗಿಲ್ಲ. ವಾರವಿಡೀ ಅವಳ ಮಾತನ್ನು ಕಿವಿಗೆ ಹಾಕಿಕೊಳ್ಳದ ಗಂಡ ಮಡಿವಾಳೆಪ್ಪ ಶುಕ್ರವಾರ ಅದೇ ಬಾಯಿಂದ ಬಂದದ್ದಕ್ಕೆ ಅಡ್ಡಬೀಳುತ್ತಿದ್ದ. ಮನೆಗೆ ಶೌಚಾಲಯ ಕಟ್ಟಿಸಿದ್ದು, ಮಗಳು ಅಮೃತಾಳನ್ನು ನರ್ಸಿಂಗ್ ಓದಲು ಕಳಿಸಿದ್ದು, ಎಲ್ಲ ದ್ಯಾಮವ್ವನ ಅಪ್ಪಣೆ. ದೇವಿಗೆ ಶೌಚಾಲಯದ ಚಿಂತೆ ಯಾಕೆ ಎಂದು ಆ ಪುಣ್ಯಾತ್ಮನಿಗೆ ಒಮ್ಮೆಯೂ ಹೊಳೆದಿಲ್ಲ.

ಈಗ ಅಮೃತಾಳ ಓದಿಗೇ ಕುತ್ತು ಬಂದಿತ್ತು. ಮಡಿವಾಳೆಪ್ಪನ ಅಕ್ಕ, ಹುಬ್ಬಳ್ಳಿಯಾಚೆಯ ಮಿಶ್ರಿಕೋಟಿಯ ಸಾವಂತ್ರೆವ್ವ, ತನ್ನ ಮಗನಿಗೆ ಅವಳನ್ನು ಕೇಳಿದ್ದಳು. ಮಡಿವಾಳೆಪ್ಪ ಮಾತು ಕೊಟ್ಟೂಬಿಟ್ಟಿದ್ದ. ಅಮೃತಾ ಒಲ್ಲೆನೆಂದು ಅತ್ತಳು. ಅನ್ನವ್ವ ಬೇಡವೆಂದಳು, ಗಂಡ ಊಟಕ್ಕೆ ನೀಡು ಎಂದ. ದೇವಿಯನ್ನೇ ಕೇಳಿಬಿಡೋಣವೆಂದು ಸಾವಂತ್ರೆವ್ವ ಶುಕ್ರವಾರ ಸಂಜೆ ಕುಂಕುಮದ ತಟ್ಟೆ ಸಮೇತ ಗುಡಿಗೆ ಬಂದಾಗ ಅನ್ನವ್ವನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ದ್ಯಾಮವ್ವ ಏನು ಹೇಳಬೇಕೆಂಬುದು ಅವಳಲ್ಲಿ ತಯಾರಿತ್ತು.

ಕೂದಲು ಬಿಚ್ಚಿ ಕೂತಳು. ಹಾಡು ಶುರುವಾಯಿತು. ಕೋರಸ್ ಏರುವ ಮೊದಲೇ ಕರೆಂಟು ಹೋಯಿತು. ಜನರೇಟರ್ ಯಾವುದೋ ಮದುವೆಗೆ ಹೋಗಿತ್ತು. ಗುಲಾಮಹುಸೇನ ಮೊಬೈಲಿನಲ್ಲೇ ಹಾಡು ಹಚ್ಚಿ ಅವಳ ಕಿವಿಯ ಹತ್ತಿರ ಹಿಡಿದ. ಸೊಳ್ಳೆ ಗುಂಯ್‌ಗುಟ್ಟಿದ ಹಾಗಾಯಿತೇ ಹೊರತು ದ್ಯಾಮವ್ವ ಬರಲಿಲ್ಲ. ಅನ್ನವ್ವ ನಾಲಿಗೆ ಚಾಚಿ ನೋಡಿದಳು. ಡೊಳ್ಳಿಲ್ಲದ ನಾಲಿಗೆ ಡಾಕ್ಟರಿಗೆ ತೋರಿಸಿದಂತೆ ಕಂಡಿತು. ನಾಚಿಕೆಯಾಗಿ ಒಳಗೆಳೆದುಕೊಂಡಳು.

ದೇವಿ ಬೇಡವೆನ್ನಲಿಲ್ಲ, ಅಂದರೆ ಒಪ್ಪಿದಳು ಎಂದು ಸಾವಂತ್ರೆವ್ವ ತೀರ್ಪು ಕೊಟ್ಟು, ಕುಂಕುಮದಲ್ಲಿ ಬೆರಳದ್ದಿ ಪಕ್ಕದಲ್ಲಿ ನಿಂತಿದ್ದ ಅಮೃತಾಳ ಹಣೆಯ ಕಡೆ ಕೈ ಚಾಚಿದಳು. ಅನ್ನವ್ವ ದಡಕ್ಕನೆ ಎದ್ದು ಆ ಕೈ ಹಿಡಿದಳು.

"ಈ ಲಗ್ನ ಆಗೂದಿಲ್ರಿ ಅಕ್ಕಾರ."

ಮಡಿವಾಳೆಪ್ಪ ರೂಢಿಯಂತೆ ಕೈಮುಗಿದುಬಿಟ್ಟ. ಸಾವಂತ್ರೆವ್ವ ಮಾತ್ರ ಅವಳ ಕಣ್ಣನ್ನೇ ದಿಟ್ಟಿಸಿದಳು.

"ಇದು ದ್ಯಾಮವ್ವ ಅಲ್ಲ ಬಿಡು. ನೀನ ಮಾತಾಡಾಕತ್ತಿ."

ನಾನಲ್ಲವೆಂದು ದೇವಿಯ ಹಾಗೆ ಕಣ್ಣು ತಿರುಗಿಸಿದ್ದರೆ ಸಾಕಿತ್ತು. ಗಂಡ ಆಗಲೇ ಅರ್ಧ ಬಗ್ಗಿದ್ದ. ಆದರೆ ಅನ್ನವ್ವನಿಗೆ ಇದ್ದಕ್ಕಿದ್ದಂತೆ ಸಿಟ್ಟು ನೆತ್ತಿಗೇರಿತು. ಮನೆಯಲ್ಲಿ ತನ್ನದೊಂದು ಮಾತು ನಡೆಯಲು ಇಷ್ಟು ವರ್ಷ ಡೊಳ್ಳು ಬಡಿಸಬೇಕಾಯಿತಲ್ಲ!

"ಹೌದ್ರಿ, ನಾನ ಮಾತಾಡಾಕತ್ತೀನಿ. ಅಕಿನ್ನ ಹಡದಾಕಿ."

ಮಡಿವಾಳೆಪ್ಪ ಮುಗಿದ ಕೈ ಇಳಿಸಬೇಕೋ ಬೇಡವೋ ತಿಳಿಯದೆ ಹೆಂಡತಿಯ ಮುಖ ನೋಡಿದ. ಉಳಿದ ದಿನಗಳಲ್ಲಿ ಆ ಮುಖವನ್ನು ಅವನು ಅಷ್ಟು ಹೊತ್ತು ನೋಡಿದ್ದೇ ಇಲ್ಲ. ಕೊನೆಗೆ ಕುಂಕುಮದ ತಟ್ಟೆ ಎತ್ತಿ ಅಕ್ಕನ ಕೈಗೆ ಕೊಟ್ಟ.

"ಹುಬ್ಬಳ್ಳಿ ಬಸ್ಸಿಗೆ ಹೊತ್ತಾತು ನೋಡ ಅಕ್ಕಾ" ಅಂದ.