ಗಂಡು ಗಪ್ಪಿಯ ಬೆನ್ನು ಹತ್ತಿ ಗಲಗಲಿಗೆ

ಭಾನುವಾರ ಬೆಳಿಗ್ಗೆ ಎಂಟಕ್ಕೆ ಗಾಜಿನ ಭರಣಿ ಹಿಡಿದು ಜಮಖಂಡಿ ಬಿಟ್ಟೆ. ಹದಿನಾರು ವರ್ಷಗಳಿಂದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೇನೆ. ಗಂಡು ಗಪ್ಪಿ ಮೀನಿನ ಹೊಟ್ಟೆಯಡಿಯ ಈಜುರೆಕ್ಕೆ ಕಾಲಾಂತರದಲ್ಲಿ ಕಡ್ಡಿಯಂತಾಗಿ, ಹೆಣ್ಣಿನ ಒಡಲಿಗೆ ವೀರ್ಯ ಮುಟ್ಟಿಸುವ ಅಂಗವಾಯಿತು ಎಂದು ಹಿಂದಿನ ದಿನ, ಶನಿವಾರ, ಬೋರ್ಡಿನ ಮೇಲೆ ಚಿತ್ರ ಬರೆಯುತ್ತಿದ್ದೆ. ಹಿಂದಿನ ಬೆಂಚಿನ ಸವಿತಾ ಎದ್ದು, “ಮೇಡಂ, ನೀವು ನೋಡೀರೇನ್ರಿ?” ಎಂದಳು. ನೋಡಿರಲಿಲ್ಲ. ಇಡೀ ಕ್ಲಾಸು ನಕ್ಕಿತು. ಸೋಮವಾರದ ಪಾಠಕ್ಕೆ ಜೀವಂತ ಗಂಡು ಮೀನು ತರದಿದ್ದರೆ ಈ ಪಾಠ ಮಾಡುವುದನ್ನೇ ಬಿಡುತ್ತೇನೆ ಎಂದುಬಿಟ್ಟೆ. ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ.

ಬನಹಟ್ಟಿ ಅರ್ಧ ಗಂಟೆಯ ದಾರಿ. ಬಸ್‌ಸ್ಟ್ಯಾಂಡಿನಿಂದ ಆಟೋದವನು ಮೂವತ್ತು ರೂಪಾಯಿ ತೆಗೆದುಕೊಂಡ. ಮಗ್ಗದ ಮನೆಯ ಗಂಗವ್ವ ನನ್ನ ತಾಯಿಯ ಗೆಳತಿ. ಸೊಳ್ಳೆಮರಿ ತಿನ್ನಲೆಂದು ನೀರಿನ ಟಾಕಿಯಲ್ಲಿ ಗಪ್ಪಿ ಸಾಕಿದ್ದರು. ಮೀನು ಬೇಕೆಂದು ನಾನು ಶನಿವಾರವೇ ಫೋನ್ ಮಾಡಿದ್ದೆ. ಪವರ್‌ಲೂಮುಗಳ ಸದ್ದಿನಲ್ಲಿ ಇಬ್ಬರೂ ಜಗಳಕ್ಕೆ ನಿಂತವರಂತೆ ಕೂಗಿ ಮಾತಾಡಿದೆವು.

“ದೊಡ್ಡದೊಡ್ಡವು ಆರಿಸಿ ಇಟ್ಟೇನವ್ವಾ. ನಮ್ಮ ಮನಿಂದ ಸಣ್ಣವು ಒಯ್ದಿ ಅಂದ್ರ ಮಂದಿ ಏನಂದಾರು?”

ಬೋಗುಣಿಯಲ್ಲಿ ಹನ್ನೆರಡು ಮೀನು. ಹನ್ನೆರಡೂ ಬಸುರಿಯರು! ಗಪ್ಪಿಯಲ್ಲಿ ಗಂಡೇ ಸಣ್ಣದು, ಬಣ್ಣದ್ದು.

“ಬಣ್ಣದವು ಎಲ್ಲಿ?”

“ಅವು ಮರಿ ಅಲ್ಲೇನ? ಬೆಳೀಲಿ ಅಂತ ಹೋದ ವಾರನ ಗಲಗಲಿಗೆ, ತಂಗಿ ಮನಿಗೆ ಕಳಿಸೇನಿ.”

ಅತಿಥಿಗೆ ಒಳ್ಳೆಯದನ್ನೇ ಕೊಡಬೇಕೆನ್ನುವ ಈ ದೊಡ್ಡ ಮನಸ್ಸಿನ ಮೇಲೆ ಸಿಟ್ಟಾಗುವುದಾದರೂ ಹೇಗೆ? ಬಿಸಿ ರೊಟ್ಟಿ, ಝುಣಕ ತಿಂದು ಎದ್ದೆ.

ಗಲಗಲಿಗೆ ಹೋಗಲು ಮತ್ತೆ ಜಮಖಂಡಿಗೇ ಬರಬೇಕು. ನಮ್ಮ ಓಣಿ ಕಂಡಾಗ ಇಳಿದು ಮಲಗಿಬಿಡೋಣ ಅನ್ನಿಸಿತು. ಸವಿತಾಳ ಮುಖ ನೆನಪಾಗಿ ಮುಂದಿನ ಬಸ್ಸು ಹತ್ತಿದೆ. ಗಲಗಲಿಯಲ್ಲಿ ಇಳಿದಾಗ ಕೃಷ್ಣೆಯ ಕಡೆಯಿಂದ ಬೀಸಿದ ಗಾಳಿಯೂ ಬಿಸಿಯಾಗಿತ್ತು. ಗಂಗವ್ವನ ತಂಗಿ ಶಾಂತವ್ವ ದನ ನೀರು ಕುಡಿಯುವ ತೊಟ್ಟಿಯ ಬಳಿ ಕರೆದೊಯ್ದು ದೂರು ಹೇಳಿದರು.

“ಎಂಟು ದಿನದಿಂದ ರೊಟ್ಟಿಪುಡಿ ಹಾಕಾಕತ್ತೇನ್ರಿ. ಕೂದಲೆಳಿಯಷ್ಟೂ ಬೆಳೀವಲ್ಲವು. ಏನ್ ರೋಗ ಬಂದೈತಿ ನೋಡ್ರಿ.”

“ರೋಗ ಅಲ್ರಿ, ಅವು ಗಂಡು.”

“ಹಂಗಾರ ತಿಂದದ್ದೆಲ್ಲಾ ಎಲ್ಲಿ ಹೋತ್ರಿ?”

“ಬಣ್ಣಕ್ಕ ಹೋತ್ರಿ. ಚಂದ ಇದ್ದದ್ದನ್ನ ಹೆಣ್ಣು ಆರಿಸ್ತಾವು. ಆರಿಸಿ ಆರಿಸಿ, ತಲಿಮಾರಿನಿಂದ ತಲಿಮಾರಿಗೆ ಬಣ್ಣ ಏರಿಕೋತ ಬಂತು.”

ಶಾಂತವ್ವ ಪಡಸಾಲೆಯಲ್ಲಿ ಗೊರಕೆ ಹೊಡೆಯುತ್ತಿದ್ದ ಗಂಡನನ್ನೊಮ್ಮೆ ನೋಡಿದರು. “ನಮಗ ಆರಿಸಾಕ ಯಾರ್ ಬಿಟ್ರು, ಬಿಡ್ರಿ” ಎಂದರು.

ಎರಡು ಗಂಡು ಹಿಡಿದು ಭರಣಿಗೆ ಬಿಟ್ಟು, ಭೂತಗನ್ನಡಿ ಹಿಡಿದೆ. ಹೊಟ್ಟೆಯಡಿಯಲ್ಲಿ ಸೂಜಿಯಷ್ಟು ತೆಳುವಾದ ಕಡ್ಡಿ. ನೋಡುತ್ತಿರುವಾಗಲೇ ಮೀನು ಅದನ್ನು ಪಕ್ಕಕ್ಕೆ ಹೊರಳಿಸಿ ಮುಂದಕ್ಕೆ ಚಾಚಿತು. ಹದಿನಾರು ವರ್ಷ ನಾನು ಅದನ್ನು ಅಲ್ಲಾಡದ ಗೆರೆಯಾಗಿ ಬರೆದಿದ್ದೆ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಖುಷಿಯಾಯಿತು.

ಮರಳುವ ಬಸ್ಸಿನಲ್ಲಿ ಕಂಡಕ್ಟರ್ ಭರಣಿಯತ್ತ ಬಗ್ಗಿದ.

“ಇವು ಗಂಡೋ ಹೆಣ್ಣೋ, ಅಕ್ಕಾರ? ಹೆಣ್ಣಿದ್ರ ನಿಮ್ಮಂಗ ಫ್ರೀ. ಗಂಡಿದ್ರ ಟಿಕೆಟ್ ತಗೋಬೇಕ್ರಿ.”

ಹೆಣ್ಣು ಅಂದಿದ್ದರೆ ಅವನ ಚೇಷ್ಟೆ ಅಲ್ಲಿಗೇ ಮುಗಿಯುತ್ತಿತ್ತು.

“ಗಂಡು! ಖರೆ ಗಂಡು. ನಾನ ನೋಡೇನಿ” ಎಂದು ಇಡೀ ಬಸ್ಸಿಗೆ ಕೇಳುವಂತೆ ಹೇಳಿ, ಜಮಖಂಡಿಗೆ ಎರಡು ಟಿಕೆಟ್ ತೆಗೆದುಕೊಂಡೆ.