ಇಂಜಿನಿಯರುಗಳನ್ನು ಪಾಸು ಮಾಡಿಸುವ ಲಾಂಡ್ರಿ ಚಿಕ್ಕಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಾಲೇಜು ಹಾಸ್ಟೆಲಿನ ಹಿಂಬದಿಯ ಲಾಂಡ್ರಿಯಲ್ಲಿ ಒಣಗಿಸುವ ಯಂತ್ರ ಆಗಲೇ ಗುಡುಗುಡು ಎನ್ನುತ್ತಿದೆ. ಅದರ ಹೊಟ್ಟೆಯಿಂದ ಬಿಸಿಬಿಸಿ ಬೆಡ್‌ಶೀಟೊಂದನ್ನು ಎಳೆದು ಚಿಕ್ಕಮ್ಮ ಫಟ್ಟೆಂದು ಕೊಡವುತ್ತಾರೆ. ಮೇಜಿನ ಆಚೆ ನಿಂತ ಅವರ ಓರಗಿತ್ತಿ ಎರಡು ಮೂಲೆ ಹಿಡಿಯುತ್ತಾರೆ. ಒಂದು ಎಳೆತ, ಒಂದು ಮಡಿಕೆ, ಇನ್ನೊಂದು ಮಡಿಕೆ, ಮೂಲೆಗೆ ಮೂಲೆ. ಇಷ್ಟರಲ್ಲೇ ಮನೆಯ ಗ್ಯಾಸ್ ಮುಗಿಯುತ್ತ ಬಂದದ್ದು, ಮೈದುನನ ಮೊಣಕಾಲು ನೋವು, ಪಕ್ಕದ ಮನೆಯವರ ಹೊಸ ಸೋಫಾ, ಎಲ್ಲದರ ವಿಚಾರಣೆಯೂ ಆಗಿಹೋಗಿರುತ್ತದೆ.

"ಕೈ ಕೆಲಸ ಕೈ ಮಾಡುತ್ತೆ, ಬಾಯಿ ಕೆಲಸ ಬಾಯಿ ಮಾಡುತ್ತೆ. ಒಂದಕ್ಕೊಂದು ಅಡ್ಡ ಬರಲ್ಲ," ಎನ್ನುತ್ತಾರೆ ಚಿಕ್ಕಮ್ಮ. ದಿನಕ್ಕೆ ಸುಮಾರು ನಾನೂರು ಬೆಡ್‌ಶೀಟು ಈ ನಾಲ್ಕು ಕೈಗಳ ನಡುವೆ ಹಾದುಹೋಗುತ್ತವೆ.

ಗಂಡನ ಅಂಗಡಿ ಮುಚ್ಚಿದ ವರ್ಷ ಅವರು ಈ ಕೆಲಸಕ್ಕೆ ಸೇರಿದರು. ಮೊದಲ ತಿಂಗಳು ಬಿಸಿ ಬಟ್ಟೆಗೆ ಅಂಗೈ ಬೊಬ್ಬೆ ಎದ್ದು ಅನ್ನ ಕಲಸಲೂ ಆಗುತ್ತಿರಲಿಲ್ಲವಂತೆ. ಆಮೇಲೆ ಓರಗಿತ್ತಿಯೂ ಜೊತೆಗೂಡಿದರು. ಒಂದೇ ಮನೆ, ಒಂದೇ ಅಡುಗೆಮನೆ, ಈಗ ಒಂದೇ ಮೇಜು. ಜಗಳವಿಲ್ಲವೇ ಎಂದು ಕೇಳಿದರೆ ಇಬ್ಬರೂ ಒಟ್ಟಿಗೆ "ಇಲ್ದೆ ಏನು?" ಎನ್ನುತ್ತಾರೆ.

ಇವರನ್ನು ಹಾಸ್ಟೆಲಿನ ಹೊರಗೆ ಯಾರೂ ಬಲ್ಲವರಿಲ್ಲ. ಆದರೆ ಈ ಕಾಲೇಜಿನಲ್ಲಿ ಇಂಡಸ್ಟ್ರಿಯಲ್ ಇಂಜಿನಿಯರಿಂಗ್ ಪದವಿ ಬೇಕೆಂದವರಲ್ಲಿ ಬಹುಮಂದಿ ಇವರ ಮೇಜಿನ ಮುಂದೆ ನಿಲ್ಲಲೇಬೇಕು. ನಾಲ್ಕು ವರ್ಷ ಗಣಿತ, ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ, ವರ್ಕ್‌ಶಾಪು, ಒಂದು ಬೇಸಿಗೆ ಕಾರ್ಖಾನೆಯಲ್ಲಿ ತರಬೇತಿ. ಇಷ್ಟನ್ನೂ ನೀರು ಕುಡಿದಂತೆ ಮುಗಿಸಿದವರಿಗೂ ಕೊನೆಯಲ್ಲೊಂದು ಷರತ್ತು ಕಾದಿರುತ್ತದೆ. ನಿಜವಾದ ಕೆಲಸವೊಂದನ್ನು ಸ್ಟಾಪ್‌ವಾಚು ಹಿಡಿದು ಅಳೆಯಬೇಕು, ಅದಕ್ಕಿಂತ ಒಳ್ಳೆಯ ದಾರಿ ಹುಡುಕಬೇಕು. ಕೆಲಸ ಮಾಡುವವರೇ ಅದನ್ನು ಒಂದು ವಾರ ಬಳಸಿ ನೋಡಿ, ಇದು ಮೊದಲಿಗಿಂತ ಮೇಲು ಎಂದು ಸಹಿ ಹಾಕಬೇಕು. ಸಹಿ ಇಲ್ಲವೆಂದರೆ ಪದವಿಯೂ ಇಲ್ಲ. ಹಾಸ್ಟೆಲಿನಿಂದ ಮೆಟ್ಟಿಲಿಳಿದರೆ ಲಾಂಡ್ರಿ. ಮಕ್ಕಳಿಗೆ ಇನ್ನೆಲ್ಲಿಗೋ ಹೋಗಲು ಸೋಮಾರಿತನ.

ಹೀಗೆ ಬಂದ ಸುಧಾರಣೆಗಳು ಒಂದೇ ಎರಡೇ? ಒಬ್ಬ ಬೆಡ್‌ಶೀಟುಗಳನ್ನು ಬಣ್ಣದ ಪ್ರಕಾರ ವಿಂಗಡಿಸಲು ಕಪಾಟು ತಂದ. ಇಲ್ಲಿ ಇರುವುದೆಲ್ಲ ಬಿಳಿಯೇ. ಇನ್ನೊಬ್ಬ ಮೇಜಿಗೆ ಚಕ್ರ ಜೋಡಿಸಿದ. ಎಳೆದಾಗಲೆಲ್ಲ ಮೇಜು ಚಿಕ್ಕಮ್ಮನ ಬೆನ್ನು ಹತ್ತುತ್ತಿತ್ತು. "ಪಾಪ, ಆ ಮಗೂಗೆ ಮೇಜಿನ ಮೇಲೆ ಅಷ್ಟು ಪ್ರೀತಿ," ಎಂದು ಓರಗಿತ್ತಿ ಕಣ್ಣೀರು ಬರುವಷ್ಟು ನಗುತ್ತಾರೆ. ಹಾಗಂತ ಇವರು ಯಾರನ್ನೂ ಕೈಬಿಟ್ಟವರಲ್ಲ. ಏನಾದರೊಂದು ಸರಿಹೋಗುವವರೆಗೆ ತಾಳ್ಮೆಯಿಂದ ಬಳಸಿ ನೋಡಿ, ಸಹಿ ಹಾಕಿ ಕಳಿಸಿದ್ದಾರೆ.

ಈ ವರ್ಷ ಮಾತ್ರ ಚಿಕ್ಕಮ್ಮನ ಪೆನ್ನು ತಡೆಯಿತು.

ಬಂದವಳು ತರಗತಿಗೇ ಮೊದಲಿಗಳಾದ ಹುಡುಗಿ. ಕಾರ್ಖಾನೆಯೊಂದರಲ್ಲಿ ಕೆಲಸ ಗೊತ್ತಾಗಿತ್ತು, ಪದವಿ ಕೈಗೆ ಬಂದರೆ ಸಾಕಿತ್ತು. ಒಂದು ವಾರ ಮೂಲೆಯಲ್ಲಿ ಸ್ಟೂಲು ಹಾಕಿ ಕೂತು ಅಳೆದಳು. ಆಚೆ ಬದಿಯವರು ಬರೀ ಮೂಲೆ ಹಿಡಿದು ನಿಲ್ಲುತ್ತಾರೆ, ಅಷ್ಟೇ ಎಂದು ಬರೆದುಕೊಂಡಳು. ಗೋಡೆಗೆ ಎರಡು ಸ್ಟೀಲ್ ಕ್ಲಿಪ್ಪು ಹೊಡೆಸಿದಳು. ಮೂಲೆಗಳನ್ನು ಕ್ಲಿಪ್ಪು ಹಿಡಿಯುತ್ತದೆ, ಒಬ್ಬರೇ ಮಡಿಸಬಹುದು. ಚಿಕ್ಕಮ್ಮ ಒಂದು ವಾರ ಮಡಿಸಿದರು, ಲೆಕ್ಕವೂ ಸರಿಬಂತು. ಲಾಂಡ್ರಿ ಮ್ಯಾನೇಜರ್ ಹಿರಿಹಿರಿ ಹಿಗ್ಗಿ, ಹಾಗಾದರೆ ಇನ್ನೊಬ್ಬರನ್ನು ಊರಾಚೆಯ ಗೆಸ್ಟ್‌ಹೌಸಿಗೆ ಕಳಿಸುತ್ತೇನೆ ಎಂದರು. ಅಲ್ಲಿಗೆ ಹೋಗಬೇಕೆಂದರೆ ಎರಡು ಬಸ್ಸು ಬದಲಿಸಬೇಕು.

ಸಹಿ ಹಾಕಿದರೆ ಓರಗಿತ್ತಿ ದೂರವಾಗುತ್ತಾರೆ, ಹಾಕದಿದ್ದರೆ ಹುಡುಗಿಯ ಪದವಿ ನಿಲ್ಲುತ್ತದೆ. ಚಿಕ್ಕಮ್ಮನಿಗೆ ಅತ್ತ ದರಿ ಇತ್ತ ಪುಲಿ. "ಆ ರಾತ್ರಿ ನಿದ್ದೆ ಹತ್ತಲಿಲ್ಲ. ಯಾರ ಮನೆ ಮಗುವಾದ್ರೂ ಮಗುವೇ. ಆದ್ರೆ ಸುಳ್ಳಿಗೆ ಹೇಗೆ ಸಹಿ ಹಾಕ್ಲಿ? ಬೇಗ ಆಗಿತ್ತು, ನಿಜ. ಒಳ್ಳೇದಾಗಿರಲಿಲ್ಲ." ಬೆಳಿಗ್ಗೆ ಅದನ್ನೇ ಹೇಳಿ ಪೆನ್ನು ವಾಪಸು ಕೊಟ್ಟರು. ಹುಡುಗಿಯ ಮುಖ ಸಣ್ಣದಾಯಿತು.

ಅದೇ ಹೊತ್ತಿಗೆ ಹಾಸ್ಟೆಲಿನ ವಾರ್ಡನ್ ಒಂದು ಹೊರೆ ಬೆಡ್‌ಶೀಟು ತಂದು ನೆಲಕ್ಕೆ ಹಾಕಿದರು. ಎಲ್ಲವೂ ತೂತು! ಒಬ್ಬ ಹುಡುಗನ ಕಾಲು ನಿದ್ದೆಯಲ್ಲಿ ಒಂದರೊಳಗೆ ತೂರಿ, ಬೆಳಿಗ್ಗೆ ಎಳೆದರೂ ಬರಲಿಲ್ಲವಂತೆ.

"ಮೊದಲು ಹರಿದಿದ್ದನ್ನ ಯಾರು ಆರಿಸ್ತಿದ್ರು?" ಹುಡುಗಿ ಕೇಳಿದಳು.

"ನಾನೇ," ಎಂದರು ಓರಗಿತ್ತಿ. "ಅಕ್ಕನ ಬೆನ್ನ ಹಿಂದೆ ಕಿಟಕಿ ಇದೆಯಲ್ಲ, ಬಟ್ಟೆ ಎಳೆದು ಹಿಡಿದ್ರೆ ಬೆಳಕಿಗೆ ತೂತು ನನ್ನ ಕಣ್ಣಿಗೆ ಹೊಡೆಯುತ್ತೆ. ಹರಿದಿದೆ ಅಂತೀನಿ, ಅಕ್ಕ ಬಿಡ್ತಾರೆ, ಆ ಮೂಲೇಗೆ ಹೋಗಿ ಹಾಕಿ ಬರ್ತೀನಿ."

"ನಾನು ಕೂತು ನೋಡಿದ ವಾರ ನೀವು ಒಂದೂ ತೆಗೀಲಿಲ್ವಲ್ಲ ಆಂಟಿ?"

ಇಬ್ಬರೂ ಚಾವಣಿ ನೋಡಿದರು. ಕೊನೆಗೆ ಚಿಕ್ಕಮ್ಮನೇ ಬಾಯಿಬಿಟ್ಟರು. "ಆ ವಾರ ನಾವು ಮಾತು ಬಿಟ್ಟಿದ್ವಿ. ಇವಳು ನನ್ನ ಕುಕ್ಕರಿನ ರಬ್ಬರ್ ಕಳೆದುಹಾಕಿದ್ಲು."

"ತೂತು ಕಾಣಿಸ್ತು ಕಣಮ್ಮ," ಎಂದರು ಓರಗಿತ್ತಿ. "ಆದ್ರೆ ಮುಖ ಊದಿಸ್ಕೊಂಡಿರೋರ ಹತ್ರ ನಾನ್ಯಾಕೆ ಬಾಯಿಬಿಡ್ಲಿ?"

ಹುಡುಗಿ ತಲೆ ಮೇಲೆ ಕೈಹೊತ್ತು ಕುಳಿತಳು, ಆಮೇಲೆ ನಗತೊಡಗಿದಳು. ಅವಳು ಅಳೆದದ್ದು ಕೆಲಸವನ್ನಲ್ಲ, ಜಗಳವನ್ನು. ವರದಿ ಒಪ್ಪಿಸುವ ಗಡುವಿಗೆ ಉಳಿದದ್ದು ಒಂದು ವಾರ, ಮೇಲೆರಡು ದಿನ. ಆ ಎರಡು ದಿನವೂ ಅವಳು ಮಾತು, ನಗು, ಸೋಫಾ ಪುರಾಣ ಎಲ್ಲದರ ಸಮೇತ ಮತ್ತೆ ಅಳೆದಳು. ಕ್ಲಿಪ್ಪು ಕಿತ್ತಳು. ಓರಗಿತ್ತಿಯ ಕೈಯಳತೆಯಲ್ಲೇ ಹರಿದ ಬಟ್ಟೆಗೊಂದು ಬುಟ್ಟಿ ಇಟ್ಟಳು, ಮೂಲೆಯ ಓಡಾಟ ತಪ್ಪಿತು. ಮೇಜಿನ ಕಾಲಿಗೆ ಮರದ ತುಂಡು ಕೊಟ್ಟು ಎತ್ತರಿಸಿದಳು, ಚಿಕ್ಕಮ್ಮನ ಸೊಂಟ ಬಗ್ಗುವುದು ತಪ್ಪಿತು. ಕುಳ್ಳಗಿರುವ ಓರಗಿತ್ತಿಗೆ ನಿಲ್ಲಲು ಒಂದು ಹಲಗೆ ಹಾಕಿದಳು. ವಾರದ ಕೊನೆಗೆ ಚಿಕ್ಕಮ್ಮ ಕೇಳುವ ಮೊದಲೇ ಪೆನ್ನಿಗೆ ಕೈಚಾಚಿದರು. ಮ್ಯಾನೇಜರ್ ಗೆಸ್ಟ್‌ಹೌಸಿನ ಸುದ್ದಿಯನ್ನೇ ಎತ್ತಲಿಲ್ಲ.

ಹುಡುಗಿ ಈಗ ಪದವೀಧರೆ, ಕಾರ್ಖಾನೆಗೆ ಹೋಗುತ್ತಿದ್ದಾಳೆ. ಊರು ಬಿಡುವ ಮುನ್ನ ಬಂದು ತನ್ನ ವರದಿಯ ಕೊನೆಯ ಸಾಲನ್ನು ಇಬ್ಬರಿಗೂ ಓದಿ ಹೇಳಿದಳು: ಈ ಕೆಲಸಕ್ಕೆ ಇಬ್ಬರು ಬೇಕು.

"ಇಷ್ಟು ಹೇಳೋಕೆ ನಾಲ್ಕು ವರ್ಷ ಓದ್ಬೇಕಿತ್ತಾ ಅಕ್ಕ?" ಹಲಗೆ ಹತ್ತುತ್ತ ಓರಗಿತ್ತಿ ಮೂಗು ಮುರಿಯುತ್ತಾರೆ.

ಚಿಕ್ಕಮ್ಮ ಯಂತ್ರದಿಂದ ಮತ್ತೊಂದು ಬೆಡ್‌ಶೀಟು ಎಳೆಯುತ್ತಾರೆ. "ನಾನೂ ನೀನೂ ಹೇಳಿದ್ರೆ ಯಾರು ಕೇಳ್ತಿದ್ರು? ಓದಿದೋಳು ಬರೆದ್ಲು, ಅದಕ್ಕೇ ನೀನಿವತ್ತು ಇಲ್ಲಿದ್ದೀಯ. ಹೂಂ, ಆ ಕಡೆ ಹಿಡಿ."