ವಿನೋದನ ಹಾಡಿನ ಸಂದು

ಮೊಳಕಾಲ್ಮುರಿನ ನೇಕಾರರ ಓಣಿಯಲ್ಲಿ ವಿನೋದನಿಗೆ ಸಿಕ್ಕ ಮೊದಲ ಕೆಲಸವೆಂದರೆ ಮಗ್ಗದಲ್ಲಿ ಅವ್ವನ ಬಲಗಡೆ ಕೂರುವುದು. ಸೀರೆಯ ಒಡಲಿಗೆ ಒಂದು ಬಣ್ಣ, ಅಂಚಿಗೆ ಇನ್ನೊಂದು. ಹಾಗಾಗಿ ಆ ಮಗ್ಗಕ್ಕೆ ಇಬ್ಬರು ಬೇಕು. ಅವ್ವ ಓಬಳಮ್ಮ ಒಡಲಿನ ನೂಲಿನ ಲಾಳಿ ಎಸೆದರೆ, ಮಗ ಅಂಚಿನ ಲಾಳಿ ದಾಟಿಸಿ ಕೊಡುತ್ತಿದ್ದ. ಶಾಲೆಯ ದಿನಗಳಲ್ಲಿ ಕೂತವನು ಕಾಲೇಜು ಮುಗಿದರೂ ಆ ಜಾಗ ಬಿಡಲಿಲ್ಲ. ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. ಮನೆಯ ತೆಲುಗು, ಓಣಿಯ ಕನ್ನಡ ಎರಡನ್ನೂ ಕಲಸಿ ತನಗೆ ತಾನೇ ಹಾಡು ಕಟ್ಟುತ್ತಿದ್ದ.

ಮದುವೆ ಸೀಸನ್ನಿನಲ್ಲಿ ಆರ್ಕೆಸ್ಟ್ರಾಕ್ಕೂ ಹೋಗುತ್ತಿದ್ದ. ಅಲ್ಲಿ ಯಾರದೋ ಗಂಟಲು ಎರವಲು ತಂದಂತೆ ಸಿನಿಮಾ ಹಾಡು ಹಾಡಬೇಕು. ಹೋದ ವರ್ಷ ಅದನ್ನು ಬಿಟ್ಟ. ತನ್ನ ಹಾಡು, ತನ್ನ ಹೆಸರು, ಯಾವ ಕಂಪನಿಯ ಹಂಗೂ ಬೇಡ. ಒಂದೊಂದೇ ಹಾಡು ಮಾಡಿ ಯೂಟ್ಯೂಬಿಗೆ ಬಿಡುವುದು, ಕೇಳುವವರು ಕೂಡಿದ ಮೇಲೆ ಊರೂರಿಗೆ ಹೋಗಿ ಹಾಡುವುದು. ಚಳ್ಳಕೆರೆ ಎಣ್ಣೆ ಮಿಲ್ಲಿನ ಗುಮಾಸ್ತ, ಗೆಳೆಯ ಈರೇಶನ ಮುಂದೆ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಇದನ್ನು ಎಷ್ಟು ಸಲ ಹೇಳಿದ್ದನೋ.

"ಮತ್ತೆ ಮಗ್ಗ?" ಎಂದು ಈರೇಶ ಕೇಳಿದ್ದ.

"ಮಗ್ಗ ಎಲ್ಲಿ ಹೋಗ್ತೈತೆ? ಬೆಳಿಗ್ಗೆ ಲಾಳಿ, ಸಂಜೆ ಹಾಡು. ನೀನು ಶೇಂಗಾ ಹಿಂಡಿ ವಾಸನ್ಯಾಗೆ ಕೂತು ಪುಸ್ತಕ ಓದಲ್ವೇನ್ಲೇ, ಅಂಗೇ."

ಮೊದಲ ಹಾಡನ್ನು ಚಳ್ಳಕೆರೆಯಲ್ಲಿ ಓಬಳೇಶನ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿದರು. ಗೋಡೆಗೆಲ್ಲ ಹಳೇ ರಗ್ಗು ಹೊಡೆದ ಕೋಣೆ. ಹಾಡಿನ ಪ್ರತಿ ಸಾಲಿನ ನಡುವೆ ಒಂದು ಸಂದು ಇತ್ತು. ದನಿ ನಿಲ್ಲುತ್ತಿತ್ತು, ಮತ್ತೆ ಹಿಡಿಯುತ್ತಿತ್ತು.

"ಲೇ ವಿನೋದ, ಸಾಲಿನ ಮಧ್ಯೆ ನಿದ್ದೆ ಹೋಗ್ತೀಯೇನೋ? ಕೇಳೋರು ಫೋನೇ ಕೆಟ್ಟೋಯ್ತು ಅಂದ್ಕೊಂತಾರೆ" ಎಂದ ಓಬಳೇಶ.

"ಅಂದ್ಕೊಳ್ಳಲಿ ಬಿಡಣ್ಣ. ಸಂದು ಮುಚ್ಚಬ್ಯಾಡ."

"ಯಾಕೆ ಅಂತನಾದ್ರೂ ಹೇಳು."

"ನಂಗೂ ಗೊತ್ತಿಲ್ಲಣ್ಣ. ಮುಚ್ಚಿದ್ರೆ ಉಸಿರು ಕಟ್ಟಿದಂಗಾಗ್ತೈತೆ."

ಹಾಡು ಬಿಡಲು ದಿನ ಗೊತ್ತು ಮಾಡಿದ್ದರು. ಆ ವಾರವೇ ಬೈಕಿನಲ್ಲಿ ಊರಿಗೆ ಮರಳುವಾಗ, ಬಿ.ಜಿ. ಕೆರೆ ದಾಟಿದ ಮೇಲೆ ಕೆಟ್ಟು ನಿಂತಿದ್ದ ಲಾರಿಗೆ ಗುದ್ದಿ ವಿನೋದ ಹೋಗಿಬಿಟ್ಟ.

ಕರ್ಮಗಳೆಲ್ಲ ಮುಗಿದ ಮೇಲೆ ಓಬಳೇಶ ಈರೇಶನನ್ನು ಕರೆಸಿದ. "ಸಂದು ಮುಚ್ಚಿ ಬಿಟ್ಟುಬಿಡಾಣ ಕಣೋ. ಉಳಿದಿರೋದು ಇದೊಂದೇ ಹಾಡು. ಜನ ಕೊನೇವರ್ಗೂ ಕೇಳ್ಬೇಕಲ್ಲ." ಅದು ವ್ಯಾಪಾರದ ಮಾತಲ್ಲ. ಬೇಡ ಎನ್ನಲು ಈರೇಶನಲ್ಲಿ ಕಾರಣವಿರಲಿಲ್ಲ. ಹೌದು ಎನ್ನಲು ಮನಸ್ಸೂ ಇರಲಿಲ್ಲ. "ಅವ್ವನ್ನ ಒಂದ್ ಮಾತು ಕೇಳಿ ಬರ್ತೀನಿ, ಅಲ್ಲೀವರ್ಗೂ ಮುಟ್ಬ್ಯಾಡ" ಎಂದು ಮೊಳಕಾಲ್ಮುರಿನ ಬಸ್ಸು ಹತ್ತಿದ.

ಓಬಳಮ್ಮ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಮಗ ಅರ್ಧಕ್ಕೆ ಬಿಟ್ಟುಹೋದ ಸೀರೆಯೇ ಇನ್ನೂ ಮಗ್ಗದ ಮೇಲಿತ್ತು. ಅವನ ಜಾಗದಲ್ಲಿ ತಂಗಿ ರಂಜಿತಾ. ಹೊಸ ಕೈ; ಲಾಳಿ ಒಮ್ಮೆ ಬೇಗ, ಒಮ್ಮೆ ತಡ. ಈರೇಶ ಬಂದ ಕಾರಣ ಹೇಳಿ, ಅಳುಕುತ್ತಲೇ ಫೋನಿನಲ್ಲಿ ಹಾಡು ಹಾಕಿದ. ಅವರು ಮಗ್ಗ ನಿಲ್ಲಿಸುತ್ತಾರೆ ಅಂದುಕೊಂಡಿದ್ದ. ನಿಲ್ಲಿಸಲಿಲ್ಲ. ಮಗನ ದನಿ ನಡೆದಷ್ಟು ಹೊತ್ತು ಅವರ ಲಾಳಿ ನಡೆಯಿತು. ದನಿ ನಿಂತಲ್ಲಿ ಕೈಯೂ ನಿಂತು, ಬಲಕ್ಕೆ ಹೊರಳಿ, ಅಂಚಿನ ಲಾಳಿ ದಾಟಲೆಂದು ಕಾಯಿತು. ಮತ್ತೆ ದನಿ, ಮತ್ತೆ ಒಡಲಿನ ಲಾಳಿ.

ಈರೇಶ ಕಂಬಕ್ಕೆ ಒರಗಿದ. ವಿನೋದ ಸಾಲಿನ ನಡುವೆ ಸುಮ್ಮನಿರುತ್ತಿದ್ದುದು ಲಾಳಿ ದಾಟಿಸಲು. ಕೈ ಕೆಲಸದಲ್ಲಿದ್ದಾಗ ಬಾಯಿ ಬಿಡುವು ತೆಗೆದುಕೊಳ್ಳುತ್ತಿತ್ತು. ಅಷ್ಟು ವರ್ಷ ಹಾಗೆ ಕೂತವನಿಗೆ ಅದು ತನಗೇ ತಿಳಿಯದಷ್ಟು ಒಳಗೆ ಇಳಿದಿತ್ತು.

ಹಾಡು ಮುಗಿದ ಮೇಲೆ ಅಲ್ಲಿಂದಲೇ ಓಬಳೇಶನಿಗೆ ಫೋನ್ ಮಾಡಿದ. "ಅಣ್ಣ, ಸಂದು ಹಂಗೇ ಇರ್ಲಿ."

"ಜನ ಪೂರ್ತಿ ಕೇಳ್ದಿದ್ರೆ?"

"ಕೇಳೋರು ಕೇಳ್ತಾರೆ. ಅವನ ಹೆಸ್ರಾಗೆ ಅವನ ಹಾಡು ಹೋಗ್ಲಿ."

"ಆಯ್ತು ಕಣಪ್ಪ" ಎಂದ ಓಬಳೇಶ.

ರಂಜಿತಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಓಬಳಮ್ಮ ಮಗ್ಗದಿಂದ ಮುಖ ಎತ್ತಲಿಲ್ಲ.

"ಇನ್ನೊಂದ್ಸಲ ಹಾಕು ನಾಯನಾ" ಎಂದರು. "ಈ ಹುಡುಗಿ ಕೈ ಇನ್ನೂ ಹಾಡಿಗೆ ಕೂತಿಲ್ಲ."